ಮೊದಲ ರೆಸಿಡ್ಯುಯಲ್ ಎಲ್ಲಿಂದ ಬಂತು?

ಡಿಸಿ ಮಷೀನ್ಸ್ ಲ್ಯಾಬ್ ಮಾಡಿದವರಿಗೆಲ್ಲ ಈ ಪ್ರಯೋಗ ಗೊತ್ತು. ಶಂಟ್ ಜನರೇಟರನ್ನು ಮೋಟಾರಿನಿಂದ ತಿರುಗಿಸ್ತೀವಿ. ಫೀಲ್ಡ್ ಸ್ವಿಚ್ ಇನ್ನೂ ಹಾಕಿರಲ್ಲ, ಆದರೂ ವೋಲ್ಟ್‌ಮೀಟರಿನ ಮುಳ್ಳು ಎಂಟೋ ಹತ್ತೋ ವೋಲ್ಟ್ ತೋರಿಸುತ್ತೆ. ಸ್ವಿಚ್ ಹಾಕಿದ ಕೂಡಲೇ ಆ ಚಿಕ್ಕ ವೋಲ್ಟೇಜು ಫೀಲ್ಡ್ ಸುರುಳಿಯಲ್ಲಿ ಚಿಕ್ಕ ಕರೆಂಟು ಹರಿಸುತ್ತೆ. ಆ ಕರೆಂಟು ಕಾಂತಕ್ಷೇತ್ರವನ್ನು ಸ್ವಲ್ಪ ಹೆಚ್ಚಿಸುತ್ತೆ, ಹೆಚ್ಚಿದ ಕ್ಷೇತ್ರ ಇನ್ನಷ್ಟು ವೋಲ್ಟೇಜು ಕೊಡುತ್ತೆ. ನೋಡನೋಡ್ತಾ ಮುಳ್ಳು 220ರ ಹತ್ತಿರ ಹೋಗಿ ನಿಲ್ಲುತ್ತೆ. ರೆಕಾರ್ಡ್‌ನಲ್ಲಿ ನಾವೆಲ್ಲ ಒಂದೇ ವಾಕ್ಯ ಬರೀತೀವಿ: ಪೋಲ್‌ಗಳಲ್ಲಿ ಉಳಿದಿರುವ ರೆಸಿಡ್ಯುಯಲ್ ಮ್ಯಾಗ್ನೆಟಿಸಂನಿಂದ ವೋಲ್ಟೇಜು ಬೆಳೆಯುತ್ತದೆ.

ನಮ್ಮ ಲ್ಯಾಬ್ ಇನ್‌ಸ್ಟ್ರಕ್ಟರ್ ಹಳೇ ಕಾಲದವರು, ಒಂದು ಕಥೆ ಹೇಳಿದ್ದರು. ಕೊರೋನಾ ಟೈಮಲ್ಲಿ ಮಷೀನು ತುಂಬಾ ದಿನ ನಿಂತೇ ಇತ್ತಂತೆ. ಮತ್ತೆ ಓಡಿಸಿದಾಗ ಮುಳ್ಳು ಅಲ್ಲಾಡಲೇ ಇಲ್ಲ, ರೆಸಿಡ್ಯುಯಲ್ ಪೂರ್ತಿ ಹೋಗಿಬಿಟ್ಟಿತ್ತು. ಆಮೇಲೆ 12 ವೋಲ್ಟಿನ ಬ್ಯಾಟರಿ ತಂದು ಫೀಲ್ಡಿಗೆ ಸ್ವಲ್ಪ ಹೊತ್ತು ಕರೆಂಟು ಕೊಟ್ಟು ಎಬ್ಬಿಸಿದರಂತೆ. ಇದಕ್ಕೆ ಫೀಲ್ಡ್ ಫ್ಲ್ಯಾಶಿಂಗ್ ಅಂತಾರೆ.

ಇದನ್ನ ಕೇಳಿಸಿಕೊಂಡ ನಮ್ಮ ಬ್ಯಾಚಿನ ಒಬ್ಬ ವೈವಾದಲ್ಲಿ ಕೇಳಿಬಿಟ್ಟ: "ಸರ್, ಭೂಮಿ ಕೂಡ ಡೈನಮೋ ಥರಾನೇ ಅಂತಾರೆ. ಹಾಗಾದ್ರೆ ಅದಕ್ಕೆ ಮೊದಲು ಬ್ಯಾಟರಿ ಕೊಟ್ಟೋರು ಯಾರು?" ಎಲ್ಲರೂ ನಕ್ಕರು. ಸರ್ ಕೂಡ ನಕ್ಕರು. ಆಮೇಲೆ ಹೇಳಿದ್ದು ನಮಗೆಲ್ಲ ಬಾಯಿಪಾಠ ಆಗಿರೋ ಆ ಮೂರು ಪದ: ಔಟ್ ಆಫ್ ಸಿಲಬಸ್.

ನಾವು ಸರ್ ಮೇಲೆ ದೂರು ಹೇಳ್ತಿಲ್ಲ. ಅರವತ್ತು ಜನ, ಎರಡು ಗಂಟೆ, ಎಂಟು ಪ್ರಯೋಗ, ಅವರಾದರೂ ಏನು ಮಾಡ್ತಾರೆ? ಆದರೆ ಆ ಪ್ರಶ್ನೆ ತಮಾಷೆಯದಲ್ಲ. ಭೂಮಿ, ಸೂರ್ಯ, ಗ್ಯಾಲಕ್ಸಿ ಇವುಗಳಿಗೆಲ್ಲ ಕಾಂತಕ್ಷೇತ್ರ ಮೂಲದಲ್ಲಿ ಎಲ್ಲಿಂದ ಬಂತು ಅನ್ನೋದು ಇವತ್ತಿಗೂ ದೊಡ್ಡದೊಡ್ಡವರು ತಲೆ ಕೆಡಿಸಿಕೊಂಡಿರೋ ವಿಷಯ. ಅದು ನಮ್ಮ ಲ್ಯಾಬಿನ ಹಳೇ ಮಷೀನಿನಿಂದ ಒಂದೇ ಹೆಜ್ಜೆ ದೂರದಲ್ಲಿತ್ತು. ನಾವು ಆ ಹೆಜ್ಜೆ ಇಡದೆ ಗ್ರಾಫ್ ಶೀಟ್ ಅಂಟಿಸಿಕೊಂಡು ಕ್ಯಾಂಟೀನಿಗೆ ಹೋದ್ವಿ.

ಹೋಗಲಿ, ಈಗ ಇಡೋಣ. ಭೂಮಿಯೊಳಗೆ ಶಾಶ್ವತ ಆಯಸ್ಕಾಂತ ಇರೋಕೆ ಸಾಧ್ಯವೇ ಇಲ್ಲ. ಕಬ್ಬಿಣವನ್ನ 770 ಡಿಗ್ರಿಗಿಂತ ಹೆಚ್ಚು ಕಾಯಿಸಿದರೆ ಅದರ ಆಯಸ್ಕಾಂತ ಗುಣ ಹೊರಟುಹೋಗುತ್ತೆ ಅಂತ ಫಸ್ಟ್ ಇಯರ್ ಫಿಸಿಕ್ಸಲ್ಲೇ ಓದಿದ್ದೀವಿ. ಭೂಮಿಯ ಗರ್ಭದ ಬಿಸಿ ಅದಕ್ಕಿಂತ ಎಷ್ಟೋ ಪಟ್ಟು ಜಾಸ್ತಿ. ಅಲ್ಲಿರೋದು ಕುದಿಯುವ ಪಾಯಸದ ಹಾಗೆ ಮಗುಚಿಕೊಳ್ಳುತ್ತಿರುವ ಕರಗಿದ ಕಬ್ಬಿಣ. ಅದು ಕರೆಂಟನ್ನೂ ಸಾಗಿಸುತ್ತೆ, ಜೊತೆಗೆ ಭೂಮಿ ಸುತ್ತುತ್ತಾನೂ ಇದೆ. ಹೀಗೆ ಹರಿಯುವ ದ್ರವವೇ ಸುರುಳಿಯ ಕೆಲಸ ಮಾಡಿ ಕ್ಷೇತ್ರವನ್ನು ತಾನೇ ಬೆಳೆಸಿಕೊಳ್ಳಬಹುದು ಅಂತ 1919ರಲ್ಲಿ ಜೋಸೆಫ್ ಲಾರ್ಮರ್ ಊಹಿಸಿದರು, ಅದೂ ಸೂರ್ಯನನ್ನು ಮನಸ್ಸಿನಲ್ಲಿಟ್ಟುಕೊಂಡು. ಥೇಟ್ ನಮ್ಮ ಶಂಟ್ ಜನರೇಟರ್. ಆದರೆ ನಮ್ಮ ಮಷೀನಿಗೆ ಘನ ಕಬ್ಬಿಣದ ಪೋಲ್ ಇದೆ, ಅದರಲ್ಲಿ ಹಳೇ ನೆನಪು ಉಳಿಯುತ್ತೆ. ಕರಗಿದ ಕಬ್ಬಿಣದಲ್ಲಿ ಯಾವ ನೆನಪು ಉಳಿಯುತ್ತೆ? ಮೊದಲ ಬೀಜ ಹೊರಗಿಂದ ಬರಬೇಕು, ಅಂದ್ರೆ ಸೌರಮಂಡಲ ಹುಟ್ಟಿದ ಅನಿಲದ ಮೋಡದಿಂದ. ಆ ಮೋಡಕ್ಕೆ? ಗ್ಯಾಲಕ್ಸಿಯಿಂದ. ನಮ್ಮ ಗ್ಯಾಲಕ್ಸಿಯಲ್ಲೂ ಕಾಂತಕ್ಷೇತ್ರ ಇದೆ, ಭೂಮಿಯದಕ್ಕೆ ಹೋಲಿಸಿದರೆ ಸುಮಾರು ಲಕ್ಷದಲ್ಲೊಂದು ಪಾಲು. ಅದಕ್ಕೆ?

ಇಲ್ಲಿಂದ ಮುಂದೆ ಊಹೆಗಳ ರಾಜ್ಯ. 1950ರಲ್ಲಿ ಲುಡ್ವಿಗ್ ಬಿಯರ್ಮನ್ ಒಂದು ದಾರಿ ತೋರಿಸಿದರು. ಬಿಸಿ ಅನಿಲದಲ್ಲಿ ಎಲೆಕ್ಟ್ರಾನು ಹಗುರ, ಪ್ರೋಟಾನು ಭಾರ. ಅನಿಲದ ಸಾಂದ್ರತೆ ಒಂದು ದಿಕ್ಕಿಗೆ, ಬಿಸಿ ಇನ್ನೊಂದು ದಿಕ್ಕಿಗೆ ಬದಲಾಗ್ತಾ ಹೋದರೆ ಎಲೆಕ್ಟ್ರಾನುಗಳು ಬೇರೆಯಾಗಿ ಸರಿದು ತಾನೇ ಸಣ್ಣ ಕರೆಂಟು ಹುಟ್ಟುತ್ತೆ. ಅಂದರೆ ಬೀಜಕ್ಷೇತ್ರ ಇಲ್ಲದೆಯೂ ಕೆಲಸ ಶುರು ಮಾಡುವ ಬ್ಯಾಟರಿ. ಅದನ್ನ ಬಿಯರ್ಮನ್ ಬ್ಯಾಟರಿ ಅಂತಲೇ ಕರೀತಾರೆ! ನಮ್ಮ ಗೆಳೆಯ ಕೇಳಿದ ಪ್ರಶ್ನೆಗೆ ಅವನದೇ ಪದದಲ್ಲಿ ಉತ್ತರ ಎಪ್ಪತ್ತೈದು ವರ್ಷದ ಹಿಂದೆಯೇ ಬಂದಿತ್ತು. ಇದು ಹುಟ್ಟಿಸೋ ಕ್ಷೇತ್ರ ತೀರಾ ಕ್ಷೀಣ, ಹಾಗಾಗಿ ಬೀಜ ಇನ್ನೂ ಹಳೆಯದು, ವಿಶ್ವ ಹುಟ್ಟಿದ ಮೊದಲ ಕ್ಷಣಗಳದ್ದು ಅನ್ನೋರೂ ಇದ್ದಾರೆ. ತೀರ್ಮಾನ ಆಗಿಲ್ಲ.

ಈಗ ಯಡಿಯೂರಿನ ವಿಷಯಕ್ಕೆ ಬರ್ತೀವಿ. ಈ ಲೇಖನ ಬರೆಯೋಕೆ ಕಾರಣವೇ ಅದು.

ನಮ್ಮ ಕ್ಲಾಸಿನಲ್ಲಿ ಊಹೆಗೆ ಜಾಗ ಇಲ್ಲ ಅಂದ ಮಾತ್ರಕ್ಕೆ ಕ್ಯಾಂಪಸ್ಸಲ್ಲಿ ಊಹೆಗೆ ಬರ ಇದೆ ಅಂದ್ಕೋಬೇಡಿ. ಹಾಸ್ಟೆಲಿನಲ್ಲಿ ರಾತ್ರಿ ಒಂದು ಗಂಟೆಗೆ ಬನ್ನಿ, ಕಾಂತಕ್ಷೇತ್ರಕ್ಕೆ ಹತ್ತು ಥಿಯರಿ ಸಿಗುತ್ತೆ. ವಾಟ್ಸಾಪಿನಲ್ಲಿ ನೂರು. ಅದರಲ್ಲಿ ಒಂದು ವಿಡಿಯೋ ನೀವೂ ನೋಡಿರ್ತೀರಿ. ನಮ್ಮ ಪೂರ್ವಿಕರು ಭೂಮಿಯ ಕಾಂತಶಕ್ತಿ ಅತಿ ಹೆಚ್ಚು ಇರೋ ಜಾಗ ಹುಡುಕಿ ದೇವಸ್ಥಾನ ಕಟ್ಟುತ್ತಿದ್ದರು, ಮೂರ್ತಿಯ ಕೆಳಗಿನ ತಾಮ್ರದ ತಗಡು ಆ ಶಕ್ತಿಯನ್ನು ಹೀರಿ ಪ್ರದಕ್ಷಿಣೆ ಹಾಕುವವರಿಗೆ ಕೊಡುತ್ತೆ, ಇತ್ಯಾದಿ. ನಮ್ಮ ಗೆಳತಿಯೊಬ್ಬಳ ಮನೆ ಕುಣಿಗಲ್ ಕಡೆ. ಅವರ ಫ್ಯಾಮಿಲಿ ಗ್ರೂಪಿಗೆ ಚಿಕ್ಕಪ್ಪ ಈ ವಿಡಿಯೋ ಹಾಕಿ ಕೆಳಗೆ ಬರೆದಿದ್ದರು: "ನಮ್ಮ ಯಡಿಯೂರಿನಲ್ಲೂ ಹೀಗೇ." ಅವಳು ಅನುಮಾನ ತೋರಿಸಿದ್ದಕ್ಕೆ "ನಾಲ್ಕಕ್ಷರ ಇಂಗ್ಲಿಷ್ ಕಲಿತ ಮೇಲೆ ದೇವರೂ ಬೇಡವಾಯ್ತು" ಅಂದರಂತೆ. ಅವಳಿಗೆ ಬೇಜಾರಾಗಿದ್ದು ಆ ಮಾತಿಗೆ. ಏಕೆಂದರೆ ಪ್ರತಿ ವರ್ಷ ಅಜ್ಜಿ ಜೊತೆ ಸಿದ್ಧಲಿಂಗೇಶ್ವರನ ದರ್ಶನಕ್ಕೆ ಹೋಗೋಳು ಅವಳೇ.

ಸರಿ, ಅಳೆದೇ ಬಿಡೋಣ ಅಂತ ಒಂದು ಭಾನುವಾರ ತುಮಕೂರಿಂದ ಕುಣಿಗಲ್ ಬಸ್ ಹತ್ತಿದ್ವಿ. ಅಲ್ಲಿ ಅಜ್ಜಿಯೂ ಜೊತೆಯಾದರು. ಹೋಗೋಕೆ ಮೊದಲೇ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಿದ್ವಿ: ನಮ್ಮ ಭಾಗದಲ್ಲಿ ಭೂಮಿಯ ಕಾಂತಕ್ಷೇತ್ರ ಸುಮಾರು 41 ಮೈಕ್ರೋಟೆಸ್ಲಾ. ದೇವಸ್ಥಾನದ ಹತ್ತಿರ ಅದಕ್ಕಿಂತ 5 ಹೆಚ್ಚು ಬಂದರೆ ಚಿಕ್ಕಪ್ಪ ಗೆದ್ದರು, ಗ್ರೂಪಿನಲ್ಲಿ ಎಲ್ಲರ ಮುಂದೆ ಕ್ಷಮೆ ಕೇಳೋದು. ಉಪಕರಣ ಅಂದ್ರೆ ಮೊಬೈಲು. ದಿಕ್ಸೂಚಿಗೆ ಅಂತ ಹೆಚ್ಚಿನ ಫೋನುಗಳಲ್ಲಿ ಮ್ಯಾಗ್ನೆಟೋಮೀಟರ್ ಇರುತ್ತೆ, ಗಾಳಿಯಲ್ಲಿ ಇಂಗ್ಲಿಷಿನ ಎಂಟು ಬರೆದ ಹಾಗೆ ಆಡಿಸಿ ಕ್ಯಾಲಿಬ್ರೇಟ್ ಮಾಡಬೇಕು. ಮೂವರ ಮೂರು ಫೋನು ತೆಗೆದುಕೊಂಡು ಹೊರಗೆ ಬಯಲಿನಲ್ಲಿ ನಿಂತು ಆಡಿಸ್ತಿದ್ರೆ ಹೂವು ಮಾರೋರು ನಮ್ಮನ್ನ ವಿಚಿತ್ರವಾಗಿ ನೋಡಿದರು. 40, 41, 42. ಬಸ್ ನಿಲ್ಲುವ ಕಡೆ 41.

ದೇವಸ್ಥಾನದ ಹೊರಗೆ ಸಾಲಿನಲ್ಲಿ ನಿಂತಾಗ ಒಂದು ಫೋನು ಸರಕ್ಕನೆ 68 ತೋರಿಸಿತು. ನಿಜ ಹೇಳಬೇಕೆಂದರೆ ಆ ಕ್ಷಣ ಮೈ ಜುಮ್ಮೆಂದಿತು. ಪಕ್ಕದಲ್ಲಿದ್ದವರೊಬ್ಬರು ಇಣುಕಿ ನೋಡಿ, "ನೋಡಿ, ಶಕ್ತಿ ಅಂದ್ರೆ ಇದು" ಅಂತ ಕೈ ಮುಗಿದರು. ನಮ್ಮಲ್ಲೂ ಒಬ್ಬ ಸುಮ್ಮನಾಗಿಬಿಟ್ಟ. ಆಮೇಲೆ ಗೆಳತಿಯೇ ಫೋನನ್ನು ನಿಧಾನಕ್ಕೆ ಸಾಲಿನ ಕಬ್ಬಿಣದ ಕಂಬಿಯಿಂದ ದೂರ ಸರಿಸಿದಳು. 60, 51, 44, 41. ಹತ್ತಿರ ತಂದರೆ ಮತ್ತೆ ಏರಿತು. ಶಕ್ತಿ ಕಂಬಿಯದ್ದು. ಕಬ್ಬಿಣದಿಂದ ದೂರ ನಿಂತು ನಾಲ್ಕೂ ಕಡೆ ಅಳೆದಾಗ ಬಸ್ ನಿಲ್ಲುವ ಕಡೆ ಬಂದಷ್ಟೇ ಬಂತು. ಗರ್ಭಗುಡಿ ಮುಂದೆ ಫೋನ್ ತೆಗೆಯೋದು ನಮಗೇ ಸರಿ ಕಾಣಲಿಲ್ಲ, ತೆಗೆಯಲಿಲ್ಲ.

(ಇದರಲ್ಲಿ ನಾಚಿಕೆ ಪಡೋದು ಏನಿಲ್ಲ. ಆದಿತ್ಯ ಎಲ್-1 ನೌಕೆಯಲ್ಲಿ ಪೀಣ್ಯದ ಇಸ್ರೋ ಲ್ಯಾಬ್, ಅಂದರೆ ಲಿಯೋಸ್, ಮಾಡಿಕೊಟ್ಟ ಮ್ಯಾಗ್ನೆಟೋಮೀಟರ್ ಇದೆ. ನೌಕೆಯ ಸ್ವಂತ ಕರೆಂಟು, ಸ್ವಂತ ಲೋಹದ ಕ್ಷೇತ್ರ ಅಳತೆ ಕೆಡಿಸಬಾರದು ಅಂತ ಅದನ್ನ 6 ಮೀಟರ್ ಉದ್ದದ ಕೋಲಿಗೆ ಕಟ್ಟಿ 2024ರ ಜನವರಿಯಲ್ಲಿ ಹೊರಗೆ ಚಾಚಿದರು. ಕಂಬಿಯಿಂದ ದೂರ ಸರಿಯೋದು ಅವರಿಗೂ ತಪ್ಪಿದ್ದಲ್ಲ.)

ಅಜ್ಜಿ ಇದನ್ನೆಲ್ಲ ನೋಡ್ತಾನೇ ಇದ್ದರು. ದಾಸೋಹದಲ್ಲಿ ಊಟಕ್ಕೆ ಕೂತಾಗ ಕೇಳಿದರು: "ಏನ್ ಹುಡುಕ್ತಿದ್ರಪ್ಪ ಬೆಳಗ್ಗಿಂದ? ಸೂಜಿಗಲ್ಲಾ?" ಮ್ಯಾಗ್ನೆಟ್‌ಗೆ ಸೂಜಿಗಲ್ಲು ಅನ್ನೋ ಪದ ಇದೆ ಅಂತ ಇಂಗ್ಲಿಷ್ ಮೀಡಿಯಂನ ನಮಗೆ ಗೊತ್ತಾಗಿದ್ದೇ ಆವಾಗ. ವಿಡಿಯೋ ವಿಷಯ ಹೇಳಿದ್ವಿ, ಹಾಗೇನೂ ಸಿಗಲಿಲ್ಲ ಅಂತಾನೂ ಅಳುಕಿನಿಂದಲೇ ಹೇಳಿದ್ವಿ. ಅಜ್ಜಿ ಅನ್ನ ಕಲಸ್ತಾ, "ಅಯ್ಯೋ, ಅಪ್ಪನೋರು ಇಲ್ಲಿ ಕೂತ್ರು ಅಂತ ನಾವು ಬರೋದು ಕಣಪ್ಪ. ಸೂಜಿಗಲ್ಲೈತೆ ಅಂತ ಬರ್ತೀವಾ?" ಅಂದರು.

ಅಷ್ಟೇ. ನಾವು ಮೂರು ಫೋನು ಹಿಡಿದು ಇಡೀ ದಿನ ಮಾಡಿದ್ದನ್ನ ಅಜ್ಜಿ ಒಂದು ತುತ್ತಿನಲ್ಲಿ ಮುಗಿಸಿದರು. ಯಡಿಯೂರು ತೋಂಟದ ಸಿದ್ಧಲಿಂಗ ಯತಿಗಳ ಸಮಾಧಿ ಸ್ಥಳ. ಹತ್ತಿರದ ಕಗ್ಗೆರೆಯಲ್ಲಿ ತೋಟದಲ್ಲಿ ತಪಸ್ಸಿಗೆ ಕೂತು 'ತೋಂಟದ' ಅನ್ನಿಸಿಕೊಂಡವರು, ವಚನಗಳನ್ನು ಬರೆದವರು, ಚದುರಿಹೋಗಿದ್ದ ವಚನ ಪರಂಪರೆಗೆ ಮತ್ತೆ ಜೀವ ತುಂಬಿದವರು. ಈ ಜಾಗವನ್ನು ಆರಿಸಿದ್ದು ದಿಕ್ಸೂಚಿ ಅಲ್ಲ, ಒಬ್ಬ ಮನುಷ್ಯ ಇಲ್ಲಿ ಕೂತದ್ದು. ನಮ್ಮ ಪ್ರಕಾರ ಆ ವಿಡಿಯೋ ವಿಜ್ಞಾನಕ್ಕೆ ಮಾಡೋ ಅವಮಾನಕ್ಕಿಂತ ಅಜ್ಜಿಯ ಭಕ್ತಿಗೆ ಮಾಡೋ ಅವಮಾನವೇ ದೊಡ್ಡದು. ಮೈಕ್ರೋಟೆಸ್ಲಾ ಸರ್ಟಿಫಿಕೇಟ್ ಸಿಕ್ಕರೆ ಮಾತ್ರ ದೇವಸ್ಥಾನಕ್ಕೆ ಬೆಲೆ ಅನ್ನೋ ಹಾಗೆ ಮಾತಾಡುತ್ತೆ ಅದು.

ಹಾಗಂತ ಕಾಂತಕ್ಷೇತ್ರದ ಬಗ್ಗೆ ಹುಚ್ಚು ಊಹೆ ಮಾಡೋದೇ ತಪ್ಪಾ? ಇಲ್ಲ ಅನ್ನೋಕೆ ನಾವು ಇದನ್ನ ಬರೀತಿರೋದು. ಪ್ಯಾಟ್ರಿಕ್ ಬ್ಲ್ಯಾಕೆಟ್ ಅಂತ ಒಬ್ಬ ಬ್ರಿಟಿಷ್ ವಿಜ್ಞಾನಿ. 1948ರಲ್ಲಿ ನೊಬೆಲ್ ಬಂತು. ಅದಕ್ಕೂ ಒಂದು ವರ್ಷ ಮೊದಲು ಅವರು ಒಂದು ಊಹೆ ಮಂಡಿಸಿದ್ದರು, ಹಾಸ್ಟೆಲಿನಲ್ಲಿ ಹೇಳಿದ್ದರೆ ನಾವೇ ನಗ್ತಿದ್ವಿ: ಭಾರವಾದ ಯಾವ ವಸ್ತುವೇ ಆಗಲಿ ಸುತ್ತಿದರೆ ಸಾಕು, ಕರೆಂಟು, ಕಬ್ಬಿಣ ಏನೂ ಬೇಕಿಲ್ಲ, ಕಾಂತಕ್ಷೇತ್ರ ತಾನೇ ಹುಟ್ಟುತ್ತೆ, ಇದು ಪ್ರಕೃತಿಯ ಹೊಸ ನಿಯಮ. ಸುಮ್ಮನೆ ಹೇಳಿದ್ದಲ್ಲ. ಭೂಮಿ, ಸೂರ್ಯ ಮತ್ತು ಆಗಷ್ಟೇ ಕಾಂತಕ್ಷೇತ್ರ ಪತ್ತೆಯಾಗಿದ್ದ ಒಂದು ನಕ್ಷತ್ರ, ಈ ಮೂರರಲ್ಲೂ ಸುತ್ತುವಿಕೆಗೂ ಕಾಂತಬಲಕ್ಕೂ ಇರೋ ಅನುಪಾತ ಹೆಚ್ಚುಕಡಿಮೆ ಒಂದೇ ಬರ್ತಿತ್ತು. ನೋಡಿದರೆ ಯಾರಿಗಾದರೂ ಆಸೆ ಹುಟ್ಟೋ ಹೊಂದಾಣಿಕೆ.

ಬ್ಲ್ಯಾಕೆಟ್ ಅಲ್ಲಿಗೆ ನಿಲ್ಲಿಸಲಿಲ್ಲ. ಊಹೆ ನಿಜವಾದರೆ ಭೂಮಿಯ ಜೊತೆ ಸುತ್ತುತ್ತಿರೋ ಭಾರದ ಲೋಹದ ತುಂಡಿನ ಪಕ್ಕದಲ್ಲೂ ಇಷ್ಟೇ ಇಷ್ಟು ಕ್ಷೇತ್ರ ಕಾಣಬೇಕು ಅಂತ ಲೆಕ್ಕ ಹಾಕಿದರು. ಬ್ಯಾಂಕ್ ಆಫ್ ಇಂಗ್ಲೆಂಡ್‌ನಿಂದ 15 ಕೆಜಿಗೂ ಹೆಚ್ಚು ತೂಕದ ಚಿನ್ನವನ್ನು ಎರವಲು ತಂದು ಸಿಲಿಂಡರ್ ಮಾಡಿಸಿದರು. (ನಮ್ಮ ಕಾಲೇಜಿನಲ್ಲಿ ಮಲ್ಟಿಮೀಟರ್ ಎರವಲು ಕೇಳಿದರೆ ಮೂರು ಸಹಿ ಬೇಕು.) ಕಬ್ಬಿಣ ಬಳಸದೆ ಕಟ್ಟಿದ ಗುಡಿಸಲಿನಲ್ಲಿ, ಅತಿ ಸೂಕ್ಷ್ಮವಾದ ಮ್ಯಾಗ್ನೆಟೋಮೀಟರನ್ನು ತಾವೇ ವಿನ್ಯಾಸ ಮಾಡಿ ಅಳೆದರು. ಬಂದದ್ದು ಏನೂ ಇಲ್ಲ. 1952ರಲ್ಲಿ ಪ್ರಕಟಿಸಿದ ಪ್ರಬಂಧದ ಹೆಸರಿನಲ್ಲೇ ಇದು ನೆಗೆಟಿವ್ ಪ್ರಯೋಗ ಅಂತ ಹೇಳಿಕೊಂಡರು. ತನ್ನ ಊಹೆಯನ್ನ ತಾನೇ ಕೈಯಾರೆ ಮಣ್ಣು ಮಾಡಿದ್ದು!

ಇದರ ಮುಂದಿನ ಭಾಗ ನಮಗೆ ಇನ್ನೂ ಇಷ್ಟ. ಊಹೆ ಸತ್ತರೂ ಮ್ಯಾಗ್ನೆಟೋಮೀಟರ್ ಉಳಿಯಿತಲ್ಲ? ಲಾವಾ ತಣ್ಣಗಾಗಿ ಕಲ್ಲಾಗುವಾಗ ಆ ಕಾಲದ ಭೂಕ್ಷೇತ್ರದ ದಿಕ್ಕು ಅದರೊಳಗೆ ಅಚ್ಚಾಗಿಬಿಡುತ್ತೆ. ನಮ್ಮ ಪೋಲ್‌ಗಳ ಹಾಗೆ ಕಲ್ಲಿಗೂ ರೆಸಿಡ್ಯುಯಲ್ ಇದೆ. ಅಷ್ಟು ಕ್ಷೀಣವಾದದ್ದನ್ನು ಅಳೆಯೋಕೆ ಬೇಕಾಗಿದ್ದು ಅದೇ ಉಪಕರಣ. ಬ್ಲ್ಯಾಕೆಟ್ ಜೊತೆಗಿದ್ದವರು ದಖ್ಖನ್ ಲಾವಾದ ಕಲ್ಲುಗಳನ್ನು ಅಳೆದು 1956ರಲ್ಲಿ ಪ್ರಕಟಿಸಿದರು. ನಮ್ಮ ಬೆಳಗಾವಿ, ಕಲಬುರಗಿ ಕಡೆಯ ಕಪ್ಪು ನೆಲದ ಕೆಳಗಿರೋದೂ ಅದೇ ಲಾವಾ. ಆ ಕಲ್ಲು ಹುಟ್ಟಿದಾಗ ಭಾರತ ಭೂಮಧ್ಯರೇಖೆಯ ದಕ್ಷಿಣಕ್ಕಿತ್ತು, ಆಮೇಲೆ ಉತ್ತರಕ್ಕೆ ಸರಿದು ಬಂದಿದೆ ಅಂತ ಕಲ್ಲೇ ಸಾಕ್ಷಿ ಹೇಳಿತು. ಖಂಡಗಳು ಚಲಿಸುತ್ತವೆ ಅಂದರೆ ನಗ್ತಿದ್ದ ಕಾಲ ಅದು. ಕುಣಿಗಲ್ ಸುತ್ತಮುತ್ತ ಕ್ವಾರಿಯಿಂದ ತೆಗೆಯೋ ಕಪ್ಪು ಕಲ್ಲು ಬಸ್ಸಿನಿಂದ ಕಾಣುತ್ತಲ್ಲ, ಆ ಜಾತಿಯ ಕಲ್ಲಿನ ಗೋಡೆಗಳು ಬೆಂಗಳೂರು ಸುತ್ತಿನ ನೆಲದಲ್ಲಿ ಪೂರ್ವ ಪಶ್ಚಿಮವಾಗಿ ಹಾದುಹೋಗಿವೆ. ಅವುಗಳಲ್ಲಿ ಹಲವಕ್ಕೆ 237 ಕೋಟಿ ವರ್ಷ. ಅವೂ ಆಗಿನ ಕ್ಷೇತ್ರದ ದಿಕ್ಕನ್ನು ಹಿಡಿದಿಟ್ಟುಕೊಂಡಿವೆ, ಅವನ್ನೂ ಅಳೆದಿದ್ದಾರೆ. ಚಿಕ್ಕಪ್ಪನಿಗೆ ಆಯಸ್ಕಾಂತದ ಅದ್ಭುತವೇ ಬೇಕಿದ್ದರೆ ಮನೆ ಹತ್ತಿರವೇ ಇತ್ತು.

ಇದೆಲ್ಲ ಫಾರಿನ್ ಕಥೆ ಅನ್ನೋರಿಗೆ ಟಾಟಾ ಇನ್‌ಸ್ಟಿಟ್ಯೂಟಿನದ್ದು ಒಂದು. ಸೂರ್ಯನ ಕಲೆಗಳು ಸುಮಾರು 11 ವರ್ಷಕ್ಕೊಮ್ಮೆ ಹೆಚ್ಚಾಗಿ ಕಡಿಮೆಯಾಗೋದು ಅದರೊಳಗಿನ ಡೈನಮೋದಿಂದ. ಅದು ನಮಗೇನು ಅಂತ ಕೇಳಬೇಡಿ, 1989ರ ಮಾರ್ಚಿನಲ್ಲಿ ಸೌರ ಬಿರುಗಾಳಿಯಿಂದ ಕೆನಡಾದ ಕ್ವಿಬೆಕ್ ಗ್ರಿಡ್ಡೇ ಬಿದ್ದು ಒಂಬತ್ತು ಗಂಟೆ ಕರೆಂಟಿರಲಿಲ್ಲ. ಐಐಎಸ್‌ಸಿಯ ಅರ್ಣಬ್ ರಾಯ್ ಚೌಧುರಿ ಈ ಸೌರ ಡೈನಮೋದ ಮಾದರಿಯ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದವರು. 24ನೇ ಚಕ್ರ ಹಿಂದಿನದಕ್ಕಿಂತ 30ರಿಂದ 50 ಪರ್ಸೆಂಟ್ ಜೋರಾಗಿರುತ್ತೆ ಅಂತ 2006ರಲ್ಲಿ ಅಮೆರಿಕದಿಂದ ಒಂದು ಭವಿಷ್ಯ ಬಂತು. ಹೇಳಿದ ತಂಡದ ಮುಂದಾಳು ಮೌಸುಮಿ ದೀಕ್ಷಿತ್ ಅಲ್ಲ, ಮೌಸುಮಿ ದಿಕ್ಪತಿ (ನಾವು ಮೊದಲು ತಪ್ಪಾಗಿ ಓದಿಕೊಂಡಿದ್ವಿ), ಚೌಧುರಿಯವರ ಹಳೇ ವಿದ್ಯಾರ್ಥಿನಿ. ಮರುವರ್ಷ ಚೌಧುರಿ ಮತ್ತು ಇಬ್ಬರು ಸಂಗಡಿಗರು, ಇಲ್ಲ, 35 ಪರ್ಸೆಂಟ್ ಕಮ್ಮಿ ಇರುತ್ತೆ ಅಂದರು. ಗುರು ಒಂದು ಕಡೆ, ಶಿಷ್ಯೆ ಒಂದು ಕಡೆ. ಸೂರ್ಯನೊಳಗೆ ಕ್ಷೇತ್ರ ಎಷ್ಟು ಬೇಗ ಹರಡಿಕೊಳ್ಳುತ್ತೆ ಅನ್ನೋದರಲ್ಲಿ ಮಾದರಿಗಳು ಬೇರೆಬೇರೆ. ಇಬ್ಬರೂ ಮೊದಲೇ ಬರೆದು ಅಚ್ಚು ಮಾಡಿಸಿ ಕಾದರು. 2014ರ ಏಪ್ರಿಲಿನಲ್ಲಿ ಚಕ್ರ ತುತ್ತತುದಿ ಮುಟ್ಟಿತು. ಈಗಿನ ಪರಿಷ್ಕೃತ ಲೆಕ್ಕದಲ್ಲಿ ಹಿಂದಿನ ಚಕ್ರದ ತುದಿ 180, ಇದರದ್ದು 116. ಕ್ಯಾಲ್ಕುಲೇಟರ್ ತೆಗೆದು ನೀವೇ ನೋಡಿ. ಒಂದು ಸಲ ಸರಿಯಾದ ಮಾತ್ರಕ್ಕೆ ಮಾದರಿ ಪೂರ್ತಿ ಸರಿ ಅಂತಲ್ಲ. ಸೋತವರು ಸಣ್ಣವರಾದರು ಅಂತಲೂ ಅಲ್ಲ. ಅಮೆರಿಕದ ತಂಡ ನಂಬರ್ ಬರೆದುಕೊಟ್ಟಿದ್ದರಿಂದಲೇ ಸೋಲೋಕೆ ಸಾಧ್ಯವಾಗಿದ್ದು. ವಾಟ್ಸಾಪ್ ವಿಡಿಯೋಗೆ ಆ ಯೋಗ್ಯತೆಯೂ ಇಲ್ಲ. ಅದರಲ್ಲಿ ಒಂದೇ ಒಂದು ನಂಬರ್ ಇಲ್ಲ.

ನಮ್ಮ ಸಿಟ್ಟು ಇಲ್ಲಿದೆ. ವಾಟ್ಸಾಪಿನಲ್ಲಿ ಊಹೆಗೆ ತಡೆಯೇ ಇಲ್ಲ, ಕ್ಲಾಸಿನಲ್ಲಿ ಊಹೆಗೆ ಪ್ರವೇಶವೇ ಇಲ್ಲ. ಊಹಿಸಿ, ಸೋಲುವ ನಂಬರ್ ಬರೆದಿಟ್ಟು, ಅಳೆದು ನೋಡೋ ಅಭ್ಯಾಸ ಮಾಡಿಸೋಕೆ ಲ್ಯಾಬ್‌ಗಿಂತ ಒಳ್ಳೇ ಜಾಗ ಯಾವುದು? ಆದರೆ ಅಲ್ಲಿ ನಾವು ಸೀನಿಯರ್ ರೆಕಾರ್ಡ್ ನೋಡಿಕೊಂಡು ಮೊದಲು ಗ್ರಾಫ್ ಹಾಕಿ ಆಮೇಲೆ ರೀಡಿಂಗ್ ತುಂಬಿಸ್ತೀವಿ. ಸುಳ್ಳು ಹೇಳಬೇಡಿ, ನೀವೂ ಮಾಡ್ತೀರಿ. ಹೀಗೆ ನಾಲ್ಕು ವರ್ಷ ಕಳೆದವರು ಫಾರ್ವರ್ಡ್ ಬಂದಾಗ ಏನು ಪ್ರಶ್ನೆ ಕೇಳ್ತಾರೆ? ಆ ವಿಡಿಯೋವನ್ನು ಚಿಕ್ಕಪ್ಪನಿಗೆ ಕಳಿಸಿದ್ದು ಒಬ್ಬ ಇಂಜಿನಿಯರ್ ಅಂತ ಆಮೇಲೆ ಗೊತ್ತಾಯ್ತು.

ಸಿಲಬಸ್ ಬದಲಾಯಿಸಿ ಅಂತ ನಾವೇನೂ ಅರ್ಜಿ ಹಾಕ್ತಿಲ್ಲ. ಈ ಸೆಮಿಸ್ಟರಿನಿಂದ ನಮ್ಮ ಬ್ಯಾಚಿನವರು ಪ್ರತಿ ಪ್ರಯೋಗದ ಕೊನೆಗೆ ರೆಕಾರ್ಡಿನಲ್ಲಿ ಅರ್ಧ ಪುಟ ಜಾಸ್ತಿ ಬರೀತಿದ್ದೀವಿ: ನಮ್ಮದೊಂದು ಊಹೆ, ಯಾವ ರೀಡಿಂಗ್ ಬಂದರೆ ಅದನ್ನ ಕೈಬಿಡ್ತೀವಿ ಅನ್ನೋದು. ಮೊದಲನೆಯದು ಆ ಜನರೇಟರಿನದ್ದೇ. ಒಂದು ತಿಂಗಳ ರಜೆಯಲ್ಲಿ ಮಷೀನು ನಿಂತರೆ ರೆಸಿಡ್ಯುಯಲ್ ವೋಲ್ಟೇಜು ಹತ್ತರಲ್ಲಿ ಒಂದು ಪಾಲಾದರೂ ಇಳಿಯುತ್ತೆ ಅನ್ನೋದು ನಮ್ಮ ಊಹೆ. ಅದೇ ಸ್ಪೀಡಿನಲ್ಲಿ ಓಡಿಸಿದಾಗ 8ಕ್ಕೆ 8 ಬಂದರೆ ನಾವು ಸೋತ ಹಾಗೆ, ಇನ್‌ಸ್ಟ್ರಕ್ಟರಿಗೆ ಕ್ಯಾಂಟೀನಲ್ಲಿ ಮಸಾಲೆ ದೋಸೆ.

ರೆಕಾರ್ಡ್ ಮೊನ್ನೆ ವಾಪಸ್ ಬಂತು. ಆ ಅರ್ಧ ಪುಟದ ಕೆಳಗೂ ಸರ್ ಸಹಿ ಹಾಕಿದ್ದಾರೆ. 8ಕ್ಕೆ 8 ಅನ್ನೋದರ ಸುತ್ತ ಕೆಂಪು ಪೆನ್ನಿನಲ್ಲಿ ಗುಂಡಗೆ ಗೆರೆ ಎಳೆದು ಪಕ್ಕದಲ್ಲಿ ಬರೆದಿದ್ದಾರೆ: ಯೂನಿಟ್ ಎಲ್ಲಿ?